ಚಂದ್ರ-ಮಂಗಳ ನೆಲೆ ಮಾಡೆಲ್ ಕಿಟ್: ಗುಮ್ಮಟ ಛಲೋ ಇದೆ, ರಾತ್ರಿಯ ಲೆಕ್ಕ ಇಲ್ಲ

ವಿಜ್ಞಾನ ವಸ್ತುಪ್ರದರ್ಶನದ ಸೀಸನ್ ಬಂತೆಂದರೆ ಕಲಬುರಗಿ ಸೂಪರ್ ಮಾರ್ಕೆಟ್‌ನ ಸ್ಟೇಷನರಿ ಅಂಗಡಿಗಳಲ್ಲಿ ಜ್ವಾಲಾಮುಖಿ, ಹನಿ ನೀರಾವರಿ, ಮಳೆನೀರು ಕೊಯ್ಲಿನ ರೆಡಿಮೇಡ್ ಮಾಡೆಲ್‌ಗಳು ಸಾಲಾಗಿ ಕೂಡುತ್ತವೆ. ಆ ಸಾಲಿಗೆ ಈಗ ಚಂದ್ರ ಮತ್ತು ಮಂಗಳದ ಮೇಲೆ ಮಾನವ ನೆಲೆ ಕಟ್ಟುವ ಕಿಟ್ ಸೇರಿದೆ. ಮುದ್ರಿತ ಬೆಲೆ ₹1,650. ಚೌಕಾಸಿ ಮಾಡಿದರೆ ₹1,400ಕ್ಕೆ ಇಳಿಯುತ್ತದೆ. 8ರಿಂದ 10ನೇ ತರಗತಿಯವರಿಗೆ ಎಂದು ಬರೆದಿದೆ. ತಯಾರಕರ ಹೆಸರು ಇಲ್ಲಿ ಬೇಡ. ಇದೇ ಅಚ್ಚಿನ ಮಾಲು ಬೇರೆ ಬೇರೆ ಲೇಬಲ್ ಹಚ್ಚಿಕೊಂಡು ಬರುತ್ತದೆ, ಒಳಗಿನ ಸಾಮಾನು ಒಂದೇ.

ಸಾಮಾನಿನ ಬಗ್ಗೆ ದೊಡ್ಡ ದೂರಿಲ್ಲ. ಪುಸ್ತಿಕೆಯ ಬಗ್ಗೆ ಇದೆ. ಅದರಲ್ಲಿ ಹೇಳಿದ ಹಾಗೆಯೇ ಜೋಡಿಸಿದರೆ ನೋಡಲು ಚೆಂದದ, ಆದರೆ ಒಂದು ಚಂದ್ರರಾತ್ರಿಯನ್ನೂ (ನಮ್ಮ ಲೆಕ್ಕಕ್ಕೆ ಸುಮಾರು ಎರಡು ವಾರದ ಕತ್ತಲು) ದಾಟಲಾರದ ನೆಲೆ ಸಿದ್ಧವಾಗುತ್ತದೆ. ಪುಸ್ತಿಕೆ ಬದಿಗಿಟ್ಟು ಅದೇ ಸಾಮಾನನ್ನು ಬೇರೆ ರೀತಿ ಜೋಡಿಸಿದರೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಹಾಗೆ ಜೋಡಿಸುವುದು ಹೇಗೆ ಎನ್ನುವುದಕ್ಕೇ ಈ ವಿಮರ್ಶೆಯ ಬಹುಪಾಲು ಹೋಗಲಿದೆ.

ಪೆಟ್ಟಿಗೆಯಲ್ಲಿ ಸಿಗುವುದು ಇಷ್ಟು: 60×45 ಸೆಂ.ಮೀ. ಫೋಮ್ ಬೋರ್ಡ್ (ಒಂದು ಬದಿಗೆ ಚಂದ್ರನ ನೆಲ, ಇನ್ನೊಂದು ಬದಿಗೆ ಮಂಗಳದ್ದು), 20 ಮತ್ತು 12 ಸೆಂ.ಮೀ. ವ್ಯಾಸದ ಎರಡು ಪಾರದರ್ಶಕ ಅಕ್ರಿಲಿಕ್ ಗುಮ್ಮಟ, ಅವನ್ನು ಕೂಡಿಸುವ ಕೊಳವೆ, 6 ವೋಲ್ಟ್ 100 ಮಿಲಿಆಂಪ್‌ನ ಸೌರಫಲಕ, ಮೂರು ಬಿಳಿ ಎಲ್‌ಇಡಿ, ರೆಕ್ಕೆ ಹಾಕಿದ ಸಣ್ಣ ಡಿಸಿ ಮೋಟಾರು, 9 ಸೆಂ.ಮೀ. ಉದ್ದದ ರೋವರ್, 5 ಸೆಂ.ಮೀ. ಎತ್ತರದ ನಾಲ್ಕು ಗಗನಯಾತ್ರಿ ಬೊಂಬೆ, ಬಟ್ಟೆಯ ಪ್ಯಾರಾಚೂಟ್ ಕಟ್ಟಿದ ಲ್ಯಾಂಡರ್, 500 ಗ್ರಾಂ ಬೂದು ಪುಡಿ, 250 ಗ್ರಾಂ ಕೆಂಪು ಪುಡಿ, ಒಂದಿಷ್ಟು ಪ್ಲಾಸ್ಟಿಕ್ ಗಿಡ, ಎರಡು ಟ್ಯೂಬ್ ಸೂಪರ್ ಗ್ಲೂ. ಅಕ್ರಿಲಿಕ್ ಗಟ್ಟಿ ಇದೆ, ಅಂಚು ನೀಟಾಗಿ ಕತ್ತರಿಸಿದ್ದಾರೆ. ಸೌರಫಲಕವೂ ಬಿಸಿಲಿಗೆ ಹಿಡಿದರೆ ಹೇಳಿದಷ್ಟು ಕೊಡುತ್ತದೆ. ಈ ಬೆಲೆಗೆ ಇಷ್ಟು ಸಿಗುವುದು ಕಡಿಮೆಯೇನಲ್ಲ.

ಸೂಪರ್ ಗ್ಲೂ ಮಾತ್ರ ಮುಟ್ಟಬೇಡಿ. ಅದರ ಆವಿ ಅಕ್ರಿಲಿಕ್ ಮೇಲೆ ಕೂತು ಅಂಚಿನ ಸುತ್ತ ಬಿಳಿ ಮಬ್ಬು ಬಿಡುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಅಕ್ರಿಲಿಕ್‌ಗೆ ಎರಡು ಟ್ಯೂಬಿನ ಎಪಾಕ್ಸಿ, ಫೋಮ್ ಮತ್ತು ಥರ್ಮಾಕೋಲಿಗೆ ಫೆವಿಕಾಲ್ ಬಳಸಿ. ಥರ್ಮಾಕೋಲಿಗೆ ರಬ್ಬರ್ ಸೊಲ್ಯೂಷನ್ ಅಥವಾ ಸ್ಪ್ರೇ ಪೇಂಟ್ ತಾಗಿದರೆ ಕರಗಿ ತೂತು ಬೀಳುತ್ತದೆ. ಗ್ಲೂ ಗನ್ ಬೇಗ ಹಿಡಿಯುತ್ತದೆ ನಿಜ, ಆದರೆ ನಮ್ಮ ಕಡೆಯ ಬಿಸಿಲಿಗೆ ಬಾಗಿಲು ಹಾಕಿ ನಿಲ್ಲಿಸಿದ ಗಾಡಿಯೊಳಗೆ ಅದರ ಅಂಟು ಮೆತ್ತಗಾಗಿ ಗುಮ್ಮಟ ಓರೆಯಾಗುತ್ತದೆ.

ಇನ್ನು ಸ್ಕೇಲ್. ಪುಸ್ತಿಕೆ 1:100 ಎನ್ನುತ್ತದೆ. ಹಾಗಾದರೆ 5 ಸೆಂ.ಮೀ. ಬೊಂಬೆ 5 ಮೀಟರ್ ಎತ್ತರದ ಮನುಷ್ಯನಾಗಬೇಕು. 1:36 ಎಂದು ಹಿಡಿದರೆ ಎಲ್ಲವೂ ಸರಿಹೋಗುತ್ತದೆ: ಬೊಂಬೆ 1.8 ಮೀಟರ್, ರೋವರ್ 3.2 ಮೀಟರ್ (ಅಪೊಲೊ ಗಗನಯಾತ್ರಿಗಳು ಓಡಿಸಿದ ರೋವರ್ 3.1 ಮೀಟರ್ ಇತ್ತು), ದೊಡ್ಡ ಗುಮ್ಮಟ 7.2 ಮೀಟರ್ ವ್ಯಾಸ. ಬೋರ್ಡಿನ ಮೂಲೆಯಲ್ಲಿ 1:36 ಎಂದು ಬರೆದು ಹಚ್ಚಿ. ಇನ್ನು ಮುಂದಿನ ಲೆಕ್ಕವೆಲ್ಲ ಇದೇ ಅಳತೆಯದು.

ಈ ಅಳತೆ ಹಿಡಿದ ಕೂಡಲೇ ಮೊದಲ ತಪ್ಪು ಸಿಕ್ಕಿಬೀಳುತ್ತದೆ. ಲ್ಯಾಂಡರ್ ಅನ್ನು ಗುಮ್ಮಟದ ಪಕ್ಕಕ್ಕೇ, 15 ಸೆಂ.ಮೀ. ದೂರದಲ್ಲಿ ಅಂಟಿಸಲು ಪುಸ್ತಿಕೆ ಹೇಳುತ್ತದೆ, ಅಂದರೆ ನಿಜದಲ್ಲಿ ಐದೂವರೆ ಮೀಟರ್. 1969ರ ನವೆಂಬರಿನಲ್ಲಿ ಅಪೊಲೊ 12 ಇಳಿದದ್ದು ಸರ್ವೇಯರ್ 3 ಎಂಬ ಹಳೆಯ ನೌಕೆಯಿಂದ ಸುಮಾರು 160 ಮೀಟರ್ ದೂರಕ್ಕೆ. ಅಷ್ಟು ದೂರದಲ್ಲಿದ್ದರೂ ಎಂಜಿನ್ ಎಬ್ಬಿಸಿದ ಧೂಳು ಸರ್ವೇಯರ್‌ನ ಮೈಯನ್ನು ಮರಳು ಹೊಡೆದಂತೆ ಕೆರೆದಿತ್ತು. ತಡೆಯಲು ಗಾಳಿ ಇಲ್ಲದ ಕಡೆ ಎದ್ದ ಕಣ ಎದ್ದ ವೇಗದಲ್ಲೇ ಹೋಗುತ್ತದೆ. 160 ಮೀಟರ್ ಎಂದರೆ ಮಾಡೆಲ್‌ನಲ್ಲಿ 4.4 ಮೀಟರ್. ಅದಕ್ಕಾಗಿ ಲ್ಯಾಂಡರ್ ಅನ್ನು ಕೋಣೆಯ ಆ ತುದಿಗೆ ಬೇರೆ ಟೇಬಲ್ ಮೇಲಿಟ್ಟು, ನಡುವೆ ನೆಲದ ಮೇಲೆ ಟೇಪ್ ಎಳೆದು ದೂರ ಬರೆಯಿರಿ. ಲ್ಯಾಂಡರ್ ಸುತ್ತ ಅಂಗೈ ಎತ್ತರದ ಮಣ್ಣಿನ ಒಡ್ಡು ಹಾಕಿ. ನಿಜವಾದ ಯೋಜನೆಗಳಲ್ಲೂ ಇಳಿದಾಣವನ್ನು ದೂರವಿಟ್ಟು ಒಡ್ಡು ಕಟ್ಟುವ ವಿಚಾರವೇ ಇದೆ.

ಲ್ಯಾಂಡರ್ ಮೇಲಿನ ಪ್ಯಾರಾಚೂಟನ್ನು ಚಂದ್ರನ ಮಾಡೆಲ್‌ಗೆ ಕತ್ತರಿಸಿ ತೆಗೆಯಿರಿ. ಗಾಳಿಯೇ ಇಲ್ಲದ ಕಡೆ ಅದಕ್ಕೇನು ಕೆಲಸ? ಅದೇ ಕಾರಣಕ್ಕೆ ಮೋಟಾರಿನ ರೆಕ್ಕೆಗೂ ಹೊರಗೆ ಕೆಲಸವಿಲ್ಲ. ಪುಸ್ತಿಕೆ ಅದನ್ನು ಗಾಳಿಯಂತ್ರವೆಂದು ಗುಮ್ಮಟದ ಹೊರಗೆ ನಿಲ್ಲಿಸಿದೆ! ಮಂಗಳದ ಬದಿಗೂ ಅದು ಹೊಂದುವುದಿಲ್ಲ. ಅಲ್ಲಿನ ಗಾಳಿಯ ಸಾಂದ್ರತೆ ನಮ್ಮ ಗಾಳಿಯ ಸುಮಾರು ಅರವತ್ತರಲ್ಲಿ ಒಂದು ಪಾಲು, ಅದೇ ವೇಗದ ಗಾಳಿಯಿಂದ ಸಿಗುವ ಶಕ್ತಿಯೂ ಅಷ್ಟೇ ಪಾಲು. ಮೋಟಾರನ್ನು ಗುಮ್ಮಟದ ಒಳಗೆ ಗಾಳಿಯಾಡಿಸುವ ಫ್ಯಾನ್ ಎಂದು ಇಟ್ಟರೆ ಯಾರೂ ತಕರಾರು ಮಾಡುವುದಿಲ್ಲ.

ಈಗ ಗುಮ್ಮಟಕ್ಕೆ ಬರೋಣ. ಪೆಟ್ಟಿಗೆಯ ಮುಖಚಿತ್ರದಲ್ಲಿ ಗಾಜಿನ ಗುಮ್ಮಟ, ಒಳಗೆ ಹಸಿರು ತೋಟ, ಮೇಲೆ ನೀಲಿ ಭೂಮಿ. ಚಿತ್ರ ನೋಡಿಯೇ ಮಾಲು ಹೋಗುತ್ತದೆ. ಆದರೆ ಚಂದ್ರನ ಮೇಲೆ ಮನುಷ್ಯ ತಿಂಗಳುಗಟ್ಟಲೆ ಇರಬೇಕಾದರೆ ಆ ಗುಮ್ಮಟ ಕಾಣಲೇಬಾರದು, ಮಣ್ಣಿನಡಿ ಹೂತಿರಬೇಕು. ಚೀನಾದ ಚಾಂಗ್-ಇ 4 ನೌಕೆಯ ಉಪಕರಣ ಚಂದ್ರನ ನೆಲದ ಮೇಲೆ ಅಳೆದ ವಿಕಿರಣ ದಿನಕ್ಕೆ ಸುಮಾರು 1.37 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ), ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸಿಗುವುದರ 2.6 ಪಟ್ಟು. ವರ್ಷಕ್ಕೆ 500 ಆಗುತ್ತದೆ. ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಹಾಕಿರುವ ಮಿತಿ 600. ಪಾರದರ್ಶಕ ಅಕ್ರಿಲಿಕ್ ಇದರಲ್ಲಿ ಲೆಕ್ಕಕ್ಕೆ ಬರುವಷ್ಟು ತಡೆಯುವುದಿಲ್ಲ. ಎರಡು ಮೂರು ಮೀಟರ್ ಮಣ್ಣು ತಡೆಯುತ್ತದೆ, ಜೊತೆಗೆ ಸಣ್ಣ ಉಲ್ಕೆಗಳಿಂದಲೂ ಕಾಯುತ್ತದೆ.

ಬಿಸಿ-ತಂಪಿನ ಏರಿಳಿತಕ್ಕೂ ಅದೇ ಮಣ್ಣೇ ಮದ್ದು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್‌ನಲ್ಲಿದ್ದ, ನೆಲದ ಉಷ್ಣತೆ ಅಳೆಯುವ ಚೇಸ್ಟ್ ಉಪಕರಣ ನೆಲಕ್ಕೆ ಚುಚ್ಚಿ ನೋಡಿದಾಗ ಮೇಲ್ಮೈ 50 ಡಿಗ್ರಿಗೂ ಮೇಲಿತ್ತು, ಬರೀ 8 ಸೆಂ.ಮೀ. ಕೆಳಗೆ ಮೈನಸ್ 10ರ ಆಸುಪಾಸು. ಅಷ್ಟು ಚೆನ್ನಾಗಿ ಶಾಖ ತಡೆಯುತ್ತದೆ ಆ ಪುಡಿ. ಇಸ್ರೋದ ಈ ಅಳತೆಯನ್ನು ಮಾಡೆಲ್ ಪಕ್ಕದ ಚಾರ್ಟಿನಲ್ಲಿ ಬರೆಯಿಸಿ. ನಮ್ಮದೇ ಅಳತೆ ಇರುವಾಗ ಪುಸ್ತಿಕೆಯಲ್ಲಿ ಅದರ ಸುದ್ದಿಯೇ ಇಲ್ಲದಿರುವುದು ಸರಿಯಲ್ಲ.

3 ಮೀಟರ್ ಮಣ್ಣೆಂದರೆ 1:36ರಲ್ಲಿ 8.3 ಸೆಂ.ಮೀ. ದೊಡ್ಡ ಗುಮ್ಮಟದ ಮೇಲೆ ಅಷ್ಟು ದಪ್ಪ ನಿಜವಾಗಿ ಹಾಕಲು ಹೋದರೆ ಹತ್ತಿರಹತ್ತಿರ 11 ಲೀಟರ್ ಪುಡಿ ಬೇಕು, 16 ಕಿಲೋ ಭಾರವಾಗುತ್ತದೆ. ಫೋಮ್ ಬೋರ್ಡ್ ಮುರಿದೇ ಹೋಗುತ್ತದೆ. ಅದಕ್ಕೆ ಹೀಗೆ ಮಾಡಿ: ಗುಮ್ಮಟದ ಸುತ್ತ ಥರ್ಮಾಕೋಲ್ ತುಂಡುಗಳಿಂದ 8 ಸೆಂ.ಮೀ. ದಪ್ಪದ ದಿಬ್ಬ ಕಟ್ಟಿ, ಕಾಲು ಭಾಗ ಕತ್ತರಿಸಿ ತೆರೆದಿಡಿ, ಒಳಗಿನದು ಕಾಣಲಿ. ಥರ್ಮಾಕೋಲ್ ಮೇಲೆ ಪೇಪರ್ ಚೂರುಗಳನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಎರಡು ಪದರ ಹಚ್ಚಿ, ಒಣಗಿದ ಮೇಲೆ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ಅರ್ಧ ಸೆಂ.ಮೀ. ಬಳಿಯಿರಿ. ಇದಕ್ಕೆ 1.2 ಕಿಲೋ ಪುಡಿ ಬೇಕು, ಕಿಟ್‌ನಲ್ಲಿರುವುದು ಅರ್ಧ ಕಿಲೋ. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಒಣಗುವಾಗ ಬಿರುಕು ಬಿಡುತ್ತದೆ, ಎರಡು ಸುತ್ತಿನಲ್ಲಿ ಬಳಿಯಬೇಕು.

ಇಲ್ಲಿ ತೀರ್ಪುಗಾರರು ಕೇಳುವ ಪ್ರಶ್ನೆ ಒಂದಿದೆ: ಅಷ್ಟು ಮಣ್ಣಿನ ಭಾರಕ್ಕೆ ಗುಮ್ಮಟ ಕುಸಿಯುವುದಿಲ್ಲವೇ? ಪುಸ್ತಿಕೆ ‘ಗಟ್ಟಿ ವಸ್ತುವಿನಿಂದ ಕಟ್ಟಬೇಕು’ ಎಂದು ಹೇಳಿ ಕೈ ತೊಳೆದುಕೊಂಡಿದೆ. ನಿಜಕ್ಕೂ ನಡೆಯುವುದು ತಿರುಗುಮುರುಗು. ಒಳಗೆ ನಮ್ಮ ಊರಿನಷ್ಟೇ ಗಾಳಿಯೊತ್ತಡ ಇಟ್ಟರೆ ಪ್ರತಿ ಚದರ ಮೀಟರಿಗೆ ಹತ್ತು ಟನ್ ಬಲ ಹೊರಕ್ಕೆ ತಳ್ಳುತ್ತದೆ, ಹೊರಗೆ ಎದುರು ಒತ್ತಡವಿಲ್ಲ. 3 ಮೀಟರ್ ಮಣ್ಣಿನ ದ್ರವ್ಯರಾಶಿ ಚದರ ಮೀಟರಿಗೆ ಸುಮಾರು 4.8 ಟನ್, ಆದರೆ ಗುರುತ್ವ ಆರರಲ್ಲಿ ಒಂದು ಪಾಲು ಇರುವುದರಿಂದ ಅದು ಒತ್ತುವುದು 0.8 ಟನ್ನಿನಷ್ಟು. ಗಾಳಿಯ ಒತ್ತಡ ಅರ್ಧಕ್ಕೆ ಇಳಿಸಿದರೂ ಹೊರಕ್ಕೆ ತಳ್ಳುವ ಬಲವೇ ಮೇಲುಗೈ. 7.2 ಮೀಟರ್ ಗುಮ್ಮಟವನ್ನು ನೆಲದಿಂದ ಕಿತ್ತೆಬ್ಬಿಸುವ ಬಲ 400 ಟನ್ ದಾಟುತ್ತದೆ. ಆದ್ದರಿಂದ ಚಪ್ಪಟೆ ನೆಲದ ಮೇಲೆ ಬೋರಲು ಹಾಕಿದ ಅರ್ಧಗೋಳ ತಪ್ಪು ವಿನ್ಯಾಸ. ಕೆಳಗೂ ಬಾಗಿದ ತಳ ಇರಬೇಕು, ಇಲ್ಲವೇ ಎರಡೂ ತುದಿ ದುಂಡಗಿರುವ ಉರುಳೆಯಾಗಿರಬೇಕು. ಕಿಟ್‌ನ ಗುಮ್ಮಟ ಹಾಗೇ ಇರಲಿ. ಕತ್ತರಿಸಿ ತೆರೆದ ಬದಿಯಲ್ಲಿ, ನೆಲದಡಿ ಬಾಗಿದ ತಳವನ್ನು ಕಾರ್ಡ್‌ಬೋರ್ಡಿನಿಂದ ತೋರಿಸಿದರೆ ಸಾಕು. ಗಾಳಿ ತುಂಬುವ ಮೊದಲು ಮಣ್ಣು ಹಾಕಿದರೆ ಮಾತ್ರ ಕುಸಿಯುವ ಭಯ. ಈ ಉತ್ತರ ಕೊಟ್ಟ ಹುಡುಗಿಗೆ ತೀರ್ಪುಗಾರರು ಮತ್ತೊಂದು ಪ್ರಶ್ನೆ ಕೇಳಲು ಸ್ವಲ್ಪ ಯೋಚಿಸಬೇಕಾಗುತ್ತದೆ.

ಬೀದರ್ ಕಡೆಯ ಶಾಲೆಗಳಿಗೆ ಬೇರೆ ವಿನ್ಯಾಸವೂ ಒಪ್ಪುತ್ತದೆ. ಚಂದ್ರನಲ್ಲಿ ಲಾವಾ ಹರಿದು ಉಳಿದ ಸುರಂಗಗಳಿಗೆ ಮೇಲಿನಿಂದ ಬಾಯಿ ತೆರೆದ ಗುಂಡಿಗಳಿವೆ. ಜಪಾನಿನ ಕಗುಯಾ ನೌಕೆ ಮೇರಿಯಸ್ ಹಿಲ್ಸ್‌ನಲ್ಲಿ ಇಂಥದ್ದನ್ನು ಗುರುತಿಸಿದ ಸುದ್ದಿ ಹೊರಬಿದ್ದದ್ದು 2009ರಲ್ಲಿ. ಕೆಲವು ಗುಂಡಿಗಳ ನೆರಳಿನ ಭಾಗದಲ್ಲಿ ಉಷ್ಣತೆ 17 ಡಿಗ್ರಿ ಸುತ್ತಮುತ್ತ ಇರುತ್ತದೆಂದು 2022ರ ಅಧ್ಯಯನ ಹೇಳುತ್ತದೆ. ನೌಬಾದಿನ ಸುರಂಗ ಬಾವಿ ನೋಡಿದ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಕಾಗಿಲ್ಲ: ಮೇಲೆ ಬಾಯಿ, ಕೆಳಗೆ ಉದ್ದ ದಾರಿ.

ಕಿಟ್‌ನ ದೊಡ್ಡ ಕೊರತೆ ಕರೆಂಟಿನದು. ಸೌರಫಲಕವನ್ನು ಗುಮ್ಮಟದ ನೆತ್ತಿಯ ಮೇಲೆ ಅಡ್ಡಡ್ಡ ಅಂಟಿಸಲು ಹೇಳಿದ್ದಾರೆ. ನೆಲೆ ಎಲ್ಲಿದೆ ಎಂದು ಮಾತ್ರ ಎಲ್ಲೂ ಹೇಳಿಲ್ಲ. ಸಮಭಾಜಕದ ಹತ್ತಿರವಾದರೆ ಹದಿನಾಲ್ಕು ಮುಕ್ಕಾಲು ದಿನ ಕತ್ತಲು, ಉಷ್ಣತೆ ಮೈನಸ್ 130ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಒಂದು ಸಣ್ಣ ನೆಲೆಗೆ ಸರಾಸರಿ 10 ಕಿಲೋವ್ಯಾಟ್ ಬೇಕೆಂದು ಹಿಡಿಯಿರಿ. 354 ತಾಸಿಗೆ 3,540 ಯೂನಿಟ್. ಕಿಲೋಗೆ 200 ವ್ಯಾಟ್-ಅವರ್ ಹಿಡಿಸುವ ಲಿಥಿಯಂ ಬ್ಯಾಟರಿಯಾದರೆ ಹದಿನೇಳೂವರೆ ಟನ್ನಿಗೂ ಹೆಚ್ಚು ಬ್ಯಾಟರಿಯನ್ನೇ ಹೊತ್ತೊಯ್ಯಬೇಕು. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್ ಮತ್ತು ಪ್ರಜ್ಞಾನ್ ಸೆಪ್ಟೆಂಬರಿನ ಮೊದಲ ವಾರ ಮಲಗಿದವು ಮತ್ತೆ ಏಳಲಿಲ್ಲ. ಅವನ್ನು ಒಂದು ಹಗಲಿಗೆಂದೇ ಮಾಡಿದ್ದು, ಅದು ವೈಫಲ್ಯವಲ್ಲ. ರಾತ್ರಿ ದಾಟುವುದು ಬೇರೆಯದೇ ಕೆಲಸ.

ಎಲ್ಲರೂ ದಕ್ಷಿಣ ಧ್ರುವದ ಕಡೆ ಹೊರಟಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿನ ಶ್ಯಾಕಲ್ಟನ್ ಕುಳಿ 21 ಕಿ.ಮೀ. ಅಗಲ, 4 ಕಿ.ಮೀ.ಗೂ ಹೆಚ್ಚು ಆಳ. ಅದರ ಅಂಚಿನ ಕೆಲವು ಜಾಗಗಳಿಗೆ ವರ್ಷದ ಬಹುಪಾಲು ಬಿಸಿಲು ಬೀಳುತ್ತದೆ, ಒಳಗಿನ ತಳಕ್ಕೆ ಎಂದೂ ಬೀಳುವುದಿಲ್ಲ. ಆದರೆ ಚಂದ್ರನ ಅಕ್ಷದ ವಾಲು ಒಂದೂವರೆ ಡಿಗ್ರಿ ಮಾತ್ರ, ಆದ್ದರಿಂದ ಧ್ರುವದಲ್ಲಿ ಸೂರ್ಯ ದಿಗಂತದಿಂದ ಅದಕ್ಕಿಂತ ಮೇಲೇರುವುದಿಲ್ಲ, ಸುತ್ತಲೂ ಗಾಣದೆತ್ತಿನ ಹಾಗೆ ತಿರುಗುತ್ತಾನೆ. ಅಡ್ಡ ಮಲಗಿಸಿದ ಫಲಕಕ್ಕೆ ಅಲ್ಲಿ ಏನೂ ಸಿಗದು. ಫಲಕ ನೆಟ್ಟಗೆ ನಿಂತು 29.5 ದಿನಕ್ಕೊಂದು ಸುತ್ತು ತಿರುಗಬೇಕು. 1 ಮೀಟರ್ ಎತ್ತರದ ಬಂಡೆ 38 ಮೀಟರ್ ಉದ್ದ ನೆರಳು ಚೆಲ್ಲುತ್ತದೆ, ಅದಕ್ಕೇ ಫಲಕವನ್ನು ಎತ್ತರದ ಕಂಬದ ಮೇಲೆ ನಿಲ್ಲಿಸುವ ವಿನ್ಯಾಸಗಳು ಬಂದಿವೆ. ಮಾಡೆಲ್‌ನಲ್ಲಿ ಫಲಕವನ್ನು ಪೆನ್ಸಿಲಿಗೆ ನೆಟ್ಟಗೆ ಕಟ್ಟಿ, ಕೈಯಿಂದ ತಿರುಗುವಂತೆ ಬೋರ್ಡಿನ ತೂತಿಗೆ ಇಳಿಸಿ. ದೀಪವನ್ನು 1 ಮೀಟರ್ ದೂರದಲ್ಲಿ, ನೆಲದಿಂದ ಎರಡೂವರೆ ಸೆಂ.ಮೀ. ಎತ್ತರಕ್ಕೆ ಹಿಡಿದರೆ ಒಂದೂವರೆ ಡಿಗ್ರಿ ಸರಿಯಾಗಿ ಬರುತ್ತದೆ. ನೆರಳು ಎಷ್ಟುದ್ದ ಬೀಳುತ್ತದೆಂದು ನೋಡುವವರಿಗೆ ತಾನಾಗಿಯೇ ಗೊತ್ತಾಗುತ್ತದೆ.

ವೈರಿಂಗಿಗೆ ಬಂದರೆ, ಪುಸ್ತಿಕೆ ಮೂರು ಎಲ್‌ಇಡಿಯನ್ನೂ ಮೋಟಾರನ್ನೂ ನೇರ ಫಲಕಕ್ಕೆ ಜೋಡಿಸುತ್ತದೆ. ಮಾಳಿಗೆ ಮೇಲೆ ಬಿಸಿಲಿನಲ್ಲಿ ಎಲ್‌ಇಡಿ ಉರಿಯುತ್ತವೆ, ಆದರೆ ಒಂದೊಂದಕ್ಕೆ 30 ಮಿಲಿಆಂಪ್ ಮೀರಿ ಹರಿದು ಬೇಗ ಮಂಕಾಗುತ್ತವೆ. ಮೋಟಾರು ಸೇರಿಸಿದ ಕೂಡಲೇ ಕರೆಂಟೆಲ್ಲ ಅದೇ ಎಳೆದುಕೊಂಡು, ತಾನೂ ತಿರುಗದೆ ದೀಪವನ್ನೂ ಆರಿಸುತ್ತದೆ. ಪ್ರದರ್ಶನದ ಹಾಲಿನೊಳಗಂತೂ ಟ್ಯೂಬ್‌ಲೈಟಿನ ಬೆಳಕು ಬಿಸಿಲಿನ ನೂರರಲ್ಲಿ ಒಂದು ಪಾಲೂ ಇಲ್ಲ, ಫಲಕ ಸುಮ್ಮನೆ ಕೂಡುತ್ತದೆ. ಪ್ರದರ್ಶನದ ದಿನ ‘ಮನೆಯಲ್ಲಿ ಹತ್ತಿತ್ತು ಸರ್’ ಎಂಬ ಮಾತು ಕೇಳಿಬರುವುದು ಇಲ್ಲಿಂದಲೇ.

ಇದಕ್ಕೆ ₹350ರೊಳಗೆ ಪರಿಹಾರ ಇದೆ. ರೀಚಾರ್ಜ್ ಆಗುವ 2000 ಮಿಲಿಆಂಪ್-ಅವರ್‌ನ ಮೂರು ಎಎ ನಿಕಲ್ ಸೆಲ್ ಮತ್ತು ಹೋಲ್ಡರ್, 1ಎನ್5819 ಡಯೋಡ್ ಒಂದು, 47 ಓಮ್‌ನ ರೆಸಿಸ್ಟರ್ ಮೂರು, ಸ್ವಿಚ್ ಎರಡು. ಫಲಕದ ಪ್ಲಸ್‌ನಿಂದ ಡಯೋಡ್ ಮೂಲಕ ಸೆಲ್‌ನ ಪ್ಲಸ್‌ಗೆ ಕೊಡಿ, ಡಯೋಡಿನ ಬಿಳಿ ಗೆರೆ ಸೆಲ್ ಕಡೆ ಇರಲಿ. ಗೆರೆ ಉಲ್ಟಾ ಆದರೆ ಚಾರ್ಜ್ ಆಗುವುದಿಲ್ಲ, ಡಯೋಡ್ ಬಿಟ್ಟರೆ ಕತ್ತಲಲ್ಲಿ ಸೆಲ್‌ನ ಕರೆಂಟು ಫಲಕಕ್ಕೇ ವಾಪಸ್ ಸೋರುತ್ತದೆ. ಒಂದೊಂದು ಎಲ್‌ಇಡಿಗೂ ಪ್ರತ್ಯೇಕ ರೆಸಿಸ್ಟರ್ ಹಾಕಿ, ಮೂರಕ್ಕೂ ಸೇರಿ ಒಂದು ಸ್ವಿಚ್, ಮೋಟಾರಿಗೆ ಇನ್ನೊಂದು. ಮೊದಲೇ ನಾಲ್ಕೈದು ದಿನ ಮಾಳಿಗೆ ಮೇಲೆ ಬಿಸಿಲಿಗಿಟ್ಟು ಚಾರ್ಜ್ ಮಾಡಿ. ಆಮೇಲೆ ಹಾಲಿನಲ್ಲಿ ಕರೆಂಟು ಹೋದರೂ ದೀಪ ಉರಿಯುತ್ತದೆ, ಮೂರು ಎಲ್‌ಇಡಿ ಎರಡು ದಿನ ಬಾಳುತ್ತವೆ. 60 ವ್ಯಾಟಿನ ಹಳೇ ಬಲ್ಬನ್ನು ಸೂರ್ಯನ ಬದಲು ಹಿಡಿಯುವುದಾದರೆ ಅಕ್ರಿಲಿಕ್‌ನಿಂದ 30 ಸೆಂ.ಮೀ. ದೂರವಿರಲಿ.

ತೋಟದ ವಿಷಯ ಬೇಗ ಮುಗಿಸಬಹುದು. ‘ಗಿಡಗಳಿಂದ ಆಮ್ಲಜನಕ’ ಎಂದು ಪುಸ್ತಿಕೆ ಬರೆದಿದೆ. 2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಪೊಲೊ ತಂದ ಮಣ್ಣಿನಲ್ಲೇ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಸಣ್ಣ ಗಿಡ ಬೆಳೆಸಿದರು. ಮೊಳಕೆ ಬಂತು, ಆದರೆ ಸೊರಗಿ ಬೆಳೆಯಿತು. ಸದ್ಯಕ್ಕೆ ತೋಟವೆಂದರೆ ಎಲ್‌ಇಡಿ ಬೆಳಕಿನಡಿ ಸೊಪ್ಪಿನ ತಟ್ಟೆಗಳು. ಉಸಿರಾಟಕ್ಕೆ ಒಬ್ಬರಿಗೆ ದಿನಕ್ಕೆ ಸುಮಾರು 0.84 ಕಿಲೋ ಆಮ್ಲಜನಕ ಬೇಕು. ನಾಲ್ವರಿಗೆ ಅದನ್ನು ನೀರು ಒಡೆದು ಪಡೆಯಬೇಕಾದರೆ ದಿನಕ್ಕೆ 3.8 ಲೀಟರ್ ನೀರು. 2009ರ ಅಕ್ಟೋಬರಿನಲ್ಲಿ ನಾಸಾದ ಎಲ್‌ಕ್ರಾಸ್ ನೌಕೆ ಚಂದ್ರನ ದಕ್ಷಿಣ ಧ್ರುವದ ಬಳಿಯ ಕೇಬಿಯಸ್ ಕುಳಿಗೆ ಅಪ್ಪಳಿಸಿದಾಗ ಸಿಕ್ಕ ಅಂದಾಜು ಮಣ್ಣಿನಲ್ಲಿ ನೂರಕ್ಕೆ 5.6ರಷ್ಟು ನೀರು. ಆ ಲೆಕ್ಕಕ್ಕೆ ದಿನಕ್ಕೆ 68 ಕಿಲೋ ಮಣ್ಣು ಕಾಯಿಸಬೇಕು, ಒಂದು ಹನಿಯೂ ಪೋಲಾಗದಿದ್ದರೆ. ಚಿಕ್ಕ ಗುಮ್ಮಟವನ್ನು ತೋಟ ಮಾಡುವ ಬದಲು ಈ ನೀರು-ಆಮ್ಲಜನಕದ ಘಟಕ ಮಾಡಿ, ಪ್ಲಾಸ್ಟಿಕ್ ಗಿಡ ತಂಗಿಗೋ ತಮ್ಮನಿಗೋ ಕೊಟ್ಟುಬಿಡಿ.

ಮಂಗಳದ ಬದಿ ಇದಕ್ಕಿಂತ ಬಡವಾಗಿದೆ. ಬೋರ್ಡ್ ತಿರುಗಿಸಿ ಕೆಂಪು ಪುಡಿ ಚೆಲ್ಲುವುದಷ್ಟೇ ವ್ಯತ್ಯಾಸ. ಅಲ್ಲಿ ದಿನ 24 ಗಂಟೆ 39 ನಿಮಿಷ, ಆದ್ದರಿಂದ ರಾತ್ರಿಯ ಸಮಸ್ಯೆ ಸಣ್ಣದು. ಆದರೆ ಬಿಸಿಲು ಭೂಮಿಯ ಹತ್ತಿರದ್ದರ ನೂರಕ್ಕೆ 43ರಷ್ಟು, ಧೂಳಿನ ಬಿರುಗಾಳಿ ಎದ್ದರೆ ಅದೂ ಇಲ್ಲ. 2018ರಲ್ಲಿ ಆಪರ್ಚುನಿಟಿ ರೋವರ್ ಮುಗಿದದ್ದು ಹಾಗೆ. ಮಂಗಳದ ನೆಲೆಗೆ ಫಲಕದ ಜೊತೆ ಒಂದು ಸಣ್ಣ ಅಣುಶಕ್ತಿ ಘಟಕವನ್ನೂ ತೋರಿಸಬೇಕು. ಹೊರಡುವ ಅವಕಾಶ 26 ತಿಂಗಳಿಗೊಮ್ಮೆ, ಮಾತು ಒಂದು ಕಡೆಗೆ ತಲುಪಲು 3ರಿಂದ 22 ನಿಮಿಷ. ಅದಕ್ಕಾಗಿ ಚಂದ್ರನ ಮಾಡೆಲ್‌ನಲ್ಲಿ ಇಲ್ಲದ ಎರಡು ಕೋಣೆ ಇಲ್ಲಿ ಬೇಕೇಬೇಕು, ಬಿಡಿಭಾಗದ ಉಗ್ರಾಣ ಮತ್ತು ಸಣ್ಣ ಆಸ್ಪತ್ರೆ. ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷದ ಲವಣ ಇರುವುದನ್ನು 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದಿದೆ. ತೊಳೆಯದೆ ಗಿಡ ಹಾಕುವಂತಿಲ್ಲ. ಪ್ಯಾರಾಚೂಟ್ ಇಲ್ಲಿ ಸಲ್ಲುತ್ತದೆ, ಆದರೆ ಒಂದೇ ಸಾಲದು, ಕೊನೆಗೆ ರಾಕೆಟ್ ಬೇಕು. ನಾಸಾದ ಪರ್ಸಿವಿಯರೆನ್ಸ್ ರೋವರ್ ಮೇಲಿದ್ದ ಮಾಕ್ಸಿ ಉಪಕರಣ ಅಲ್ಲಿನ ಗಾಳಿಯಿಂದ 16 ಸಲ ಓಡಿ ಒಟ್ಟು 122 ಗ್ರಾಂ ಆಮ್ಲಜನಕ ಮಾಡಿತು, ಒಬ್ಬ ಮನುಷ್ಯನಿಗೆ ಮೂರೂವರೆ ತಾಸಿನ ಉಸಿರು. ಚಾರ್ಟಿಗೆ ಇದಕ್ಕಿಂತ ಒಳ್ಳೆಯ ಅಂಕಿ ಸಿಗಲಿಕ್ಕಿಲ್ಲ.

ಪುಡಿ ಕಡಿಮೆ ಬೀಳುತ್ತದೆ ಎಂದೆವಲ್ಲ, ಅದಕ್ಕೆ ಮತ್ತೆ ದುಡ್ಡು ಹಾಕಬೇಡಿ. ಆಳಂದ, ಚಿಂಚೋಳಿ ಕಡೆಯ ಕರಿಕಲ್ಲಿನ ಕ್ರಷರ್ ಪುಡಿ ಬಸಾಲ್ಟ್, ಚಂದ್ರನ ಕಪ್ಪು ಬಯಲುಗಳೂ ಬಸಾಲ್ಟೇ. ಯಾದಗಿರಿಯ ಗ್ರಾನೈಟ್ ಪುಡಿ ಬಣ್ಣಕ್ಕೆ ಹೊಂದಿದರೂ ಅದರಲ್ಲಿ ಸ್ಫಟಿಕ ಶಿಲೆ ಜಾಸ್ತಿ, ಚಂದ್ರನಲ್ಲಿ ಅದು ತೀರ ಅಪರೂಪ. ಶಹಾಬಾದ್ ಫರ್ಸಿ ಪುಡಿ ಸುಣ್ಣಕಲ್ಲು, ಬೇಡವೇ ಬೇಡ. ಮಂಗಳಕ್ಕೆ ಕ್ರಷರ್ ಪುಡಿ ಮೂರು ಪಾಲು, ಬೀದರ್ ಜಂಬಿಟ್ಟಿಗೆಯ ಪುಡಿ ಒಂದು ಪಾಲು ಕಲಸಿದರೆ ಕಿಟ್‌ನ ಕೆಂಪಿಗಿಂತ ನಿಜವಾದ ಬಣ್ಣ ಬರುತ್ತದೆ. ಜಂಬಿಟ್ಟಿಗೆ ಮಳೆನೀರಿಗೆ ತೊಳೆದು ಆದದ್ದು, ಮಂಗಳದ ಮಣ್ಣಿಗೆ ಅದರ ಬಣ್ಣ ಕೊಡುವ ಕಬ್ಬಿಣದ ತುಕ್ಕು ಮಾತ್ರ ಸಮಾನ ಎಂದು ಮಗುವಿಗೆ ಹೇಳಿಕೊಡಿ. ಜರಡಿ ಹಿಡಿಯುವಾಗ ಮೂಗು-ಬಾಯಿಗೆ ಮಾಸ್ಕ್ ಕಡ್ಡಾಯ, ಕಲ್ಲಿನ ಹುಡಿ ಪುಪ್ಪುಸಕ್ಕೆ ಕೆಟ್ಟದ್ದು. ಸ್ವಲ್ಪ ನೀರು ಚಿಮುಕಿಸಿ ಜರಡಿ ಹಿಡಿದರೆ ಇನ್ನೂ ಒಳ್ಳೆಯದು.

ಕೊಳ್ಳಬೇಕೇ? 9 ಮತ್ತು 10ನೇ ತರಗತಿಯವರಿಗೆ ₹1,400ರೊಳಗೆ ಸಿಕ್ಕರೆ ಕೊಳ್ಳಿ, ಬ್ಯಾಟರಿ-ಡಯೋಡಿಗೆ ಮೇಲೆ ₹350 ಇಟ್ಟುಕೊಳ್ಳಿ. 8ನೇ ತರಗತಿಗೆ ವೈರಿಂಗ್ ಸ್ವಲ್ಪ ಭಾರ, ದೊಡ್ಡವರು ಜೊತೆಗಿರಬೇಕು. ಕೆಳಗಿನ ತರಗತಿಗಳಿಗೆ ಬೇಡ, ಅವರನ್ನು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ದರೆ ಹೆಚ್ಚು ಉಪಯೋಗ. ಅಂಗಡಿಯಲ್ಲೇ ಪೆಟ್ಟಿಗೆ ತೆಗೆಸಿ ದೊಡ್ಡ ಗುಮ್ಮಟದ ಅಂಚಿನಲ್ಲಿ ಕೂದಲೆಳೆ ಬಿರುಕಿದೆಯೇ ನೋಡಿ, ಫಲಕವನ್ನು ಬಾಗಿಲ ಬಳಿ ಬಿಸಿಲಿಗೆ ಹಿಡಿದು ಒಂದು ಎಲ್‌ಇಡಿ ಹತ್ತಿಸಿ ತೋರಿಸಲು ಹೇಳಿ. ಬಿಲ್ ಕೇಳಿ ತೆಗೆದುಕೊಳ್ಳಿ, ಒಡೆದ ಅಕ್ರಿಲಿಕ್ ಬದಲಿಸಿಕೊಡಲು ಬಿಲ್ ಇಲ್ಲದೆ ಯಾರೂ ಒಪ್ಪುವುದಿಲ್ಲ.